ಎಂಟಡಿ ನಾಲ್ಕಡಿಯ ರೈಲ್ವೆ: ಹಳೆ ಲೇಔಟನ್ನು ಕೆಡವದೆ ಓಡಿಸೋದು ಹೇಗೆ?

ಬೆಂಗಳೂರಿನಲ್ಲಿ ‘ಲೇಔಟ್’ ಅಂದ ಕೂಡಲೇ ಎಲ್ಲರಿಗೂ ಸೈಟು, ಮೇನು, ಕ್ರಾಸು ನೆನಪಾಗತ್ತೆ. ಜೋಗುಪಾಳ್ಯದ ಪಕ್ಕದಲ್ಲೇ ಕೇಂಬ್ರಿಡ್ಜ್ ಲೇಔಟ್ ಇದೆ. ಆದರೆ ಈ ಲೇಖನದಲ್ಲಿ ಬರೋ ಲೇಔಟ್ ಬೇರೆ ಥರದ್ದು. ಉದ್ದ ಎಂಟಡಿ, ಅಗಲ ನಾಲ್ಕಡಿ, ಅಂದರೆ ಅಂಗಡಿಯಲ್ಲಿ ಸಿಗೋ ಒಂದು ಪೂರ್ತಿ ಪ್ಲೈವುಡ್ ಶೀಟು. ಅದರ ಮೇಲೆ ಹಳಿ, ಸ್ಟೇಷನ್, ಸಿಗ್ನಲ್, ಒಂದು ಗುಡ್ಡ, ಒಂದು ಸುರಂಗ, ಅಂಗೈ ಉದ್ದದ ಇಂಜಿನ್. ಮಾಡೆಲ್ ರೈಲ್ವೆ ಹವ್ಯಾಸ ಇರೋರು ಈ ಇಡೀ ಸೆಟಪ್ಪಿಗೆ ಲೇಔಟ್ ಅಂತಾರೆ.

ನಮ್ಮನೇಲಿ ಇರೋದನ್ನ ಕಟ್ಟಿದ್ದು ನಮ್ಮ ತಾತ. ದಸರಾದಲ್ಲಿ ಗೊಂಬೆ ಕೂರಿಸಿದಾಗ ಮೆಟ್ಟಿಲುಗಳ ಮುಂದೆ ಪಾರ್ಕ್ ಮಾಡ್ತಾರಲ್ಲ, ರಾಗಿ ಪೈರು, ಕನ್ನಡಿಯ ಕೆರೆ ಎಲ್ಲ ಇಟ್ಟು, ಅದರ ಸುತ್ತ ತಿರುಗೋಕೆ ಅಂತ ಶುರುವಾದ ರೈಲು ಇದು. ವರ್ಷ ಕಳೆದ ಹಾಗೆ ಪಟ್ಟದ ಗೊಂಬೆಗಳಿಗಿಂತ ರೈಲೇ ಜಾಸ್ತಿ ಜಾಗ ತಗೊಳ್ತು. ಈಗ ಲೇಔಟಿಗೂ ವಯಸ್ಸಾಗಿದೆ, ತಾತನಿಗೂ ವಯಸ್ಸಾಗಿದೆ. ಅಜ್ಜಿಗೆ ಮೆಟ್ಟಿಲು ಹತ್ತೋಕೆ ಆಗಲ್ಲ, ಹಾಗಾಗಿ ಲೇಔಟ್ ಇದ್ದ ಕೆಳಗಿನ ರೂಮು ಅವರಿಗೆ ಬೇಕು. ಮೇಲಿನ ಮಹಡಿಗೆ ಸಾಗಿಸೋಣ ಅಂದರೆ ನಮ್ಮ ಮೆಟ್ಟಿಲ ತಿರುವಿನಲ್ಲಿ ಎಂಟಡಿ ಹಲಗೆ ತಿರುಗೋದೇ ಇಲ್ಲ. ಉಳಿದದ್ದು ಎರಡೇ ದಾರಿ: ಕೆಡವೋದು, ಇಲ್ಲ ಕತ್ತರಿಸೋದು. ತಾತ ಹಾಕಿದ ಷರತ್ತು ಒಂದೇ: ದಸರಾದ ಒಂಬತ್ತು ದಿನ ರೈಲು ಓಡಬೇಕು, ಅದೂ ತಮ್ಮ ಕೈಯಲ್ಲೇ.

ಈ ಕೆಲಸದಿಂದ ನನಗೆ ಅರ್ಥವಾದ ಮುಖ್ಯ ವಿಷಯ ಇಷ್ಟು. ಹಳೆ ಲೇಔಟಿಗೆ ಸಾಮಾನ್ಯವಾಗಿ ಒಂದು ದೊಡ್ಡ ಕಾಯಿಲೆ ಇರೋದಿಲ್ಲ. ನೂರಾರು ಸಣ್ಣ ಸಣ್ಣ ತೊಂದರೆಗಳು ಸೇರಿ ದೊಡ್ಡದಾಗಿ ಕಾಣುತ್ತವೆ. ಅವನ್ನ ಅಳತೆ ಮಾಡಿ, ಒಂದೊಂದಾಗಿ ತೆಗೆದರೆ ಮುಕ್ಕಾಲು ಭಾಗ ಹಳೆಯದನ್ನೇ ಉಳಿಸಿಕೊಳ್ಳಬಹುದು. ಹೇಗೆ ಅಂತ ಮುಂದೆ ಹೇಳ್ತೀನಿ.

ಮೊದಲು ಸ್ಕೇಲ್ ಮತ್ತು ಗೇಜ್

ಈ ಎರಡು ಪದಗಳನ್ನ ತುಂಬ ಜನ ಒಂದೇ ಅಂದ್ಕೊಳ್ತಾರೆ. ಸ್ಕೇಲ್ ಅಂದರೆ ನಿಜವಾದ ರೈಲಿಗೂ ಮಾಡೆಲ್‌ಗೂ ಇರೋ ಅನುಪಾತ. ಗೇಜ್ ಅಂದರೆ ಎರಡು ಹಳಿಗಳ ಒಳಗಿನ ಅಂತರ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರೋ ಸ್ಕೇಲ್ ಎಚ್‌ಓ, ಅಂದರೆ 1:87. ಅದರ ಹಳಿಯ ಗೇಜ್ 16.5 ಮಿಲಿಮೀಟರ್. ಬ್ರಿಟನ್ನಿನ ಹಾರ್ನ್‌ಬಿ ಕಂಪನಿ ಬಳಸೋ ಓಓ ಸ್ಕೇಲ್ 1:76, ಆದರೆ ಹಳಿ ಮಾತ್ರ ಅದೇ 16.5 ಮಿಲಿಮೀಟರ್. ಅದಕ್ಕೇ ಎರಡೂ ಬಗೆಯ ಇಂಜಿನ್‌ಗಳನ್ನ ಒಂದೇ ಹಳಿ ಮೇಲೆ ಓಡಿಸಬಹುದು, ಪಕ್ಕದಲ್ಲಿ ಇಟ್ಟಾಗ ಮಾತ್ರ ಒಂದು ಸ್ವಲ್ಪ ದಪ್ಪ ಕಾಣುತ್ತೆ.

ಈಗ ಒಂದು ಮಜಾ ಲೆಕ್ಕ. ಭಾರತೀಯ ರೈಲ್ವೆಯ ಬ್ರಾಡ್ ಗೇಜ್ 1676 ಮಿಲಿಮೀಟರ್. ಅದನ್ನ 87ರಿಂದ ಭಾಗಿಸಿದರೆ 19.3 ಮಿಲಿಮೀಟರ್ ಬರುತ್ತೆ. ಅಂದರೆ ನಮ್ಮ 16.5ರ ಹಳಿ ಕಂಟೋನ್ಮೆಂಟ್ ಸ್ಟೇಷನ್ನಿನ ರೈಲಿಗೆ ತುಂಬಾ ಕಿರಿದು. ಅದೇ 16.5 ಅನ್ನ 87ರಿಂದ ಗುಣಿಸಿ ನೋಡಿ: ಸುಮಾರು 1435 ಮಿಲಿಮೀಟರ್. ಇದು ಸ್ಟ್ಯಾಂಡರ್ಡ್ ಗೇಜ್, ನಮ್ಮ ಮೆಟ್ರೋದ ಗೇಜ್! 1864ರಿಂದ ರೈಲು ಬರ್ತಾ ಇರೋ ಕಂಟೋನ್ಮೆಂಟಿಗೆ ಹೊಂದದ ಹಳಿ, 2011ರ ಅಕ್ಟೋಬರ್ 20ರಂದು ಓಡಾಟ ಶುರು ಮಾಡಿದ ಬೈಯಪ್ಪನಹಳ್ಳಿ–ಎಂಜಿ ರೋಡ್ ಮೆಟ್ರೋಗೆ ಕರೆಕ್ಟಾಗಿ ಹೊಂದುತ್ತೆ. ಆ ಮಾರ್ಗದ ಹಲಸೂರು ಸ್ಟೇಷನ್ ನಮಗೆ ಹತ್ತಿರದ್ದು. ಈ ಲೆಕ್ಕ ಮುಂದೆ ಮತ್ತೆ ಕೆಲಸಕ್ಕೆ ಬರುತ್ತೆ.

ರಿಪೇರಿಗೆ ಒಂದು ಕ್ರಮ

ರೈಲು ನಿಂತರೆ ಎಲ್ಲರ ಕೈ ಮೊದಲು ಹೋಗೋದು ಇಂಜಿನ್ ಮೇಲೆ. ಆದರೆ ನೋಡಬೇಕಾದ ಕ್ರಮ ಇದಕ್ಕೆ ಉಲ್ಟಾ: ಮೊದಲು ಪವರ್, ಆಮೇಲೆ ವೈರು, ಆಮೇಲೆ ಹಳಿ, ಕೊನೆಗೆ ಇಂಜಿನ್. ಹಿಂದಿನ ಹಂತ ಸರಿ ಇದೆ ಅಂತ ಮಲ್ಟಿಮೀಟರ್ ಹೇಳೋ ತನಕ ಮುಂದಿನದನ್ನ ಮುಟ್ಟಬಾರದು.

ಪವರ್ ಅಂದರೆ ಗೋಡೆಯ 230 ವೋಲ್ಟನ್ನ ಕಡಿಮೆ ಮಾಡಿ 12 ವೋಲ್ಟ್ ಡಿಸಿ ಕೊಡೋ ಡಬ್ಬ. ಹಳೆ ಡಬ್ಬಗಳಲ್ಲಿ ವೈರಿನ ಇನ್ಸುಲೇಷನ್ ಒಣಗಿ ಬಿರುಕು ಬಿಟ್ಟಿರುತ್ತೆ. ಇಲ್ಲಿ ಮಾತ್ರ ‘ಹಳೆಯದನ್ನ ಉಳಿಸೋಣ’ ಅನ್ನೋ ಸೆಂಟಿಮೆಂಟ್ ಬೇಡ. 230 ವೋಲ್ಟ್ ಮುಟ್ಟೋ ಭಾಗಕ್ಕೆ ವಯಸ್ಸಾಗಿದ್ದರೆ ಅದನ್ನ ಪೂರ್ತಿ ತೆಗೆದು, ಬಿಐಎಸ್ ನೋಂದಣಿ ಮಾರ್ಕ್ ಇರೋ ಒಂದು 12 ವೋಲ್ಟ್ ಅಡಾಪ್ಟರ್ ಹಾಕಿಬಿಡಬೇಕು. ಆಗ ಹಲಗೆ ಮೇಲೆ 12 ವೋಲ್ಟ್ ಬಿಟ್ಟು ಬೇರೇನೂ ಬರೋದಿಲ್ಲ, ಗೊಂಬೆ ಬಾಗಿನ ಇಸ್ಕೊಳ್ಳೋಕೆ ಬರೋ ಮಕ್ಕಳು ಹಳಿ ಮುಟ್ಟಿದರೂ ಭಯ ಇರೋದಿಲ್ಲ. ಹಳೆ ಡಬ್ಬದ ಮುಖ, ನಾಬ್, ಕೆಂಪು ಲೈಟು ಎಲ್ಲ ಹಾಗೇ ಇಟ್ಟುಕೊಂಡು ಒಳಗಿನದನ್ನ ಬದಲಿಸಬಹುದು.

ದೂರ ಹೋದಾಗ ರೈಲು ಯಾಕೆ ಸುಸ್ತಾಗುತ್ತೆ?

ಹಳೆ ಲೇಔಟಿನ ಅತಿ ಸಾಮಾನ್ಯ ಲಕ್ಷಣ: ಕಂಟ್ರೋಲರ್ ಹತ್ತಿರ ಜೋರಾಗಿ ಓಡೋ ರೈಲು, ಎದುರಿನ ತುದಿಗೆ ಹೋದಾಗ ನಿಧಾನವಾಗುತ್ತೆ. ಕಾರಣ ಇಂಜಿನ್ನಿನಲ್ಲಿ ಇರೋದಿಲ್ಲ, ಹಳಿಗಳ ಜಾಯಿಂಟಿನಲ್ಲಿ ಇರುತ್ತೆ. ಒಂದು ಹಳಿಯ ತುಂಡನ್ನ ಇನ್ನೊಂದಕ್ಕೆ ಸೇರಿಸೋದು ಫಿಶ್‌ಪ್ಲೇಟ್ ಅನ್ನೋ ಪುಟ್ಟ ಲೋಹದ ತೊಟ್ಟಿಲು. ಹೊಸದಾಗಿದ್ದಾಗ ಅದು ಹಳಿಯನ್ನ ಬಿಗಿಯಾಗಿ ಹಿಡಿದಿರುತ್ತೆ. ವರ್ಷಗಳು ಕಳೆದಂತೆ ಅದರ ಹಿಡಿತ ಸಡಿಲವಾಗಿ, ಒಳಗೆ ಆಕ್ಸೈಡ್ ಪದರ ಬೆಳೆಯುತ್ತೆ. ಲೋಹಕ್ಕೆ ಕರೆಂಟ್ ಸಲೀಸು, ಆಕ್ಸೈಡಿಗೆ ಅಲ್ಲ.

ಒಂದು ಉದಾಹರಣೆ ತಗೊಳ್ಳೋಣ. ಪ್ರತಿ ಜಾಯಿಂಟಿಗೆ 0.3 ಓಮ್ ಅಂತ ಇಟ್ಕೊಳ್ಳಿ. ಎದುರು ತುದಿಗೆ ಹೋಗೋ ದಾರಿಯಲ್ಲಿ 8 ಜಾಯಿಂಟ್. ಕರೆಂಟ್ ಒಂದು ಹಳಿಯಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರಬೇಕು, ಹಾಗಾಗಿ ಒಟ್ಟು 16. ಅಂದರೆ 4.8 ಓಮ್. ಇಂಜಿನ್ 0.5 ಆಂಪಿಯರ್ ಎಳೆದರೆ ದಾರಿಯಲ್ಲೇ 2.4 ವೋಲ್ಟ್ ಖರ್ಚು. ಹಳಿ ಓವಲ್ ಆಗಿದ್ದರೆ ಕರೆಂಟ್ ಎರಡೂ ಕಡೆಯಿಂದ ಬರುತ್ತೆ, ಹಾಗಾಗಿ ನಷ್ಟ ಅರ್ಧವಾಗಿ 1.2 ವೋಲ್ಟ್ ಆಗುತ್ತೆ. ಆದರೆ ಒಂದು ಕಡೆಯ ಒಂದೇ ಒಂದು ಜಾಯಿಂಟ್ ಪೂರ್ತಿ ಕೈಕೊಟ್ಟರೂ ಮತ್ತೆ ಎಲ್ಲ ಭಾರ ಇನ್ನೊಂದು ಕಡೆಗೆ. ‘ನಿನ್ನೆ ಚೆನ್ನಾಗಿ ಓಡ್ತಿತ್ತು, ಇವತ್ತು ಏನಾಯ್ತು’ ಅನ್ನೋ ಪ್ರಶ್ನೆಗೆ ಎಷ್ಟೋ ಸಲ ಇದೇ ಉತ್ತರ.

ಅಳೆಯೋದು ಸುಲಭ. ಹಳಿ ಮೇಲೆ ಇಂಜಿನ್ ಓಡ್ತಾ ಇರುವಾಗ (ಸುಮ್ಮನೆ ಅಳೆದರೆ ಕರೆಂಟ್ ಇರಲ್ಲ, ಡ್ರಾಪ್ ಕೂಡ ಕಾಣಲ್ಲ) ಮೀಟರಿನ ಎರಡು ಕಡ್ಡಿಗಳನ್ನ ಒಂದು ಜಾಯಿಂಟಿನ ಆಚೆ ಈಚೆ ಇಡಿ. ಹೆಚ್ಚು ವೋಲ್ಟೇಜ್ ತೋರಿಸಿದ ಜಾಯಿಂಟೇ ಅಪರಾಧಿ.

ಎಲ್ಲ ಜಾಯಿಂಟನ್ನೂ ಸೋಲ್ಡರ್ ಮಾಡಿಬಿಡೋಣ ಅಂತ ಅನ್ಸಬಹುದು. ಮಾಡಬಾರದು. ಹಳಿಯ ನಿಕಲ್ ಸಿಲ್ವರ್ ಬಿಸಿಗೆ ಹಿಗ್ಗುತ್ತೆ. ಎಂಟಡಿ ಉದ್ದದ ಹಳಿ, 15 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 0.6 ಮಿಲಿಮೀಟರ್ ಉದ್ದ ಆಗುತ್ತೆ. ಎಲ್ಲೂ ಸಂದು ಇಲ್ಲದಿದ್ದರೆ ಹಳಿ ಪಕ್ಕಕ್ಕೆ ಬಾಗಿ ಎದ್ದೇಳುತ್ತೆ. ಸರಿಯಾದ ದಾರಿ ಬೇರೆ: ಹಲಗೆಯ ಕೆಳಗೆ ಉದ್ದಕ್ಕೂ ಎರಡು ದಪ್ಪ ವೈರ್ ಎಳೆದು, ಹಳಿಯ ಪ್ರತಿ ತುಂಡಿಗೂ ಅಲ್ಲಿಂದ ಒಂದೊಂದು ಸಣ್ಣ ವೈರ್ ಕೊಡೋದು. ದಪ್ಪ ವೈರಿಗೆ ಬಸ್ ಅಂತ, ಸಣ್ಣದಕ್ಕೆ ಡ್ರಾಪರ್ ಅಂತ ಹೆಸರು. ಮನೆ ವೈರಿಂಗಿಗೆ ಬಳಸೋ 1.5 ಸ್ಕ್ವೇರ್ ಎಂಎಂ ತಾಮ್ರದ ವೈರು ಸಾಕು. ಅದರ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 0.012 ಓಮ್. ಹೋಗಿ ಬರೋ ದಾರಿ 10 ಮೀಟರ್ ಆದರೂ 0.12 ಓಮ್, ನಷ್ಟ 0.06 ವೋಲ್ಟ್. ಆಮೇಲೆ ಫಿಶ್‌ಪ್ಲೇಟಿಗೆ ಹಳಿಯನ್ನ ನೇರವಾಗಿ ಹಿಡಿಯೋ ಕೆಲಸ ಮಾತ್ರ, ಕರೆಂಟ್ ಹೊರೋ ಕೆಲಸ ಇಲ್ಲ. ಮೇಲಿಂದ ನೋಡಿದರೆ ಲೇಔಟಿನಲ್ಲಿ ಏನೂ ಬದಲಾಗಿರಲ್ಲ.

ಹಳಿ ತೊಳೆಯೋದು

ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಇರೋದಿಲ್ಲ. ಅದು ತಾಮ್ರ, ನಿಕಲ್, ಸತು ಸೇರಿದ ಮಿಶ್ರಲೋಹ. ಹಿತ್ತಾಳೆಗಿಂತ ಇದು ಹವ್ಯಾಸಿಗಳಿಗೆ ಇಷ್ಟ, ಯಾಕೆಂದರೆ ಇದರಲ್ಲಿ ಸಂಪರ್ಕ ಕೆಡೋದು ನಿಧಾನ. ಆದರೂ ಹಳಿ ಮೇಲೆ ಕಪ್ಪು ಮಸಿ ಕೂರುತ್ತೆ. ಚಕ್ರ ಮತ್ತು ಹಳಿ ಸೇರೋ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿಗಳು ಹಾರ್ತಾ ಇರುತ್ತವೆ. ಅದರ ಜೊತೆ ಧೂಳು, ಎಣ್ಣೆ, ಪ್ಲಾಸ್ಟಿಕ್ ಚಕ್ರದ ಪುಡಿ ಸೇರಿ ಈ ಮಸಿ ಆಗುತ್ತೆ.

ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಹಳಿ ಆ ದಿನ ಫಳಫಳ ಅನ್ನುತ್ತೆ. ಆದರೆ ಅದು ಬಿಟ್ಟ ಗೀರುಗಳಲ್ಲಿ ಮಸಿ ಇನ್ನೂ ಬೇಗ ಕೂತ್ಕೊಳ್ಳುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ನೂಲು ಬಿಡದ ಬಟ್ಟೆಯಲ್ಲಿ ಒರೆಸೋದು ಉತ್ತಮ. ಅದು ಬೆಂಕಿಗೆ ಬೇಗ ಹತ್ತೋ ದ್ರವ, ಆದ್ದರಿಂದ ಮೊದಲು ಪವರ್ ಆಫ್, ಕಿಟಕಿ ಓಪನ್. ಒರೆಸಿ ಪೂರ್ತಿ ಒಣಗಿದ ಮೇಲೆ ಮಾತ್ರ ಸ್ವಿಚ್ ಹಾಕಬೇಕು. ಚಕ್ರಗಳನ್ನೂ ಇಯರ್ ಬಡ್ ಇಟ್ಟು ಹೀಗೇ ಒರೆಸಬೇಕು, ಇಲ್ಲದಿದ್ದರೆ ಕೊಳೆ ಚಕ್ರದಿಂದ ಹಳಿಗೆ ವಾಪಸ್ ಬರುತ್ತೆ.

ಎಲ್ಲಕ್ಕಿಂತ ಒಳ್ಳೆಯದು ಧೂಳು ಬೀಳದ ಹಾಗೆ ನೋಡ್ಕೊಳ್ಳೋದು. ನಮ್ಮನೇಲಿ ಲೇಔಟಿಗೆ ಹೊದಿಸೋದು ಅಜ್ಜಿಯ ಹಳೆ ಪಾಲಿಯೆಸ್ಟರ್ ಸೀರೆ. ಇದಕ್ಕೊಂದು ಕಾರಣ ಇದೆ: ಹಳೆ ಕಾಟನ್ ಬಟ್ಟೆಯಿಂದ ನೂಲು ಉದುರಿ ಗೇರ್‌ಗಳಿಗೆ ಸುತ್ತಿಕೊಳ್ಳುತ್ತೆ, ಪಾಲಿಯೆಸ್ಟರ್‌ನಿಂದ ಅಷ್ಟು ಉದುರಲ್ಲ.

ಇಂಜಿನ್: ನಮ್ಮ ಸಿಲಬಸ್ಸಿನದೇ ಮೋಟರ್

ಇಷ್ಟೆಲ್ಲ ಆದ ಮೇಲೂ ಇಂಜಿನ್ ಮುಗ್ಗರಿಸಿದರೆ ಆಗ ಅದನ್ನ ಬಿಚ್ಚಬೇಕು. ಒಳಗೆ ಇರೋದು ಪರ್ಮನೆಂಟ್ ಮ್ಯಾಗ್ನೆಟ್ ಡಿಸಿ ಮೋಟರ್, ನಮ್ಮ ಬೇಸಿಕ್ ಎಲೆಕ್ಟ್ರಿಕಲ್ ಪೇಪರಿನಲ್ಲಿ ಬರೋದೇ. ಹಳೆ ಇಂಜಿನ್ನಿಗೆ ಬರೋ ತೊಂದರೆಗಳು ಮುಖ್ಯವಾಗಿ ಮೂರು.

ಮೊದಲನೆಯದು, ಹಳೆ ಎಣ್ಣೆ. ವರ್ಷಗಳ ಹಿಂದೆ ಹಾಕಿದ್ದು ಗಟ್ಟಿಯಾಗಿ ಗೋಂದಿನ ಥರ ಆಗಿರುತ್ತೆ. ಅದರ ಮೇಲೇ ಹೊಸ ಎಣ್ಣೆ ಬಿಟ್ಟರೆ ಪ್ರಯೋಜನ ಇಲ್ಲ, ಹಳೆಯದನ್ನ ಒರೆಸಿ ತೆಗೆದು ಆಮೇಲೆ ಬೇರಿಂಗಿಗೆ ಒಂದೇ ಹನಿ, ಸೂಜಿ ತುದಿಯಿಂದ. ಎರಡನೆಯದು, ಕಾರ್ಬನ್ ಬ್ರಷ್ ಸವೆದು ಅದರ ಪುಡಿ ಕಮ್ಯುಟೇಟರ್ ಸಂದುಗಳಲ್ಲಿ ತುಂಬಿಕೊಳ್ಳೋದು. ಮೊನಚು ಮಾಡಿದ ಟೂತ್‌ಪಿಕ್ಕಿನಿಂದ ಆ ಸಂದುಗಳನ್ನ ಬಿಡಿಸಬಹುದು.

ಮೂರನೆಯದು ಸ್ವಲ್ಪ ಟ್ರಿಕ್ಕಿ: ಮ್ಯಾಗ್ನೆಟ್ಟಿನ ಶಕ್ತಿ ಕುಂದೋದು. ಮ್ಯಾಗ್ನೆಟ್ ವೀಕ್ ಆದರೆ ಮೋಟರ್ ನಿಧಾನ ಆಗಬೇಕು ಅಂತ ಅನ್ಸುತ್ತೆ, ಅಲ್ವಾ? ಆಗೋದು ಬೇರೆ. ಲೋಡ್ ಇಲ್ಲದಾಗ ಮೋಟರ್ ಇನ್ನೂ ಜೋರಾಗಿ ತಿರುಗುತ್ತೆ, ಯಾಕೆಂದರೆ ಫ್ಲಕ್ಸ್ ಕಡಿಮೆ ಆದಾಗ ಅಷ್ಟೇ ಬ್ಯಾಕ್ ಇಎಂಎಫ್ ಹುಟ್ಟೋಕೆ ಹೆಚ್ಚು ಸ್ಪೀಡ್ ಬೇಕು. ಆದರೆ ಪ್ರತಿ ಆಂಪಿಯರಿಗೆ ಸಿಗೋ ಟಾರ್ಕ್ ಕಡಿಮೆ. ಹಾಗಾಗಿ ಬರೀ ಇಂಜಿನ್ ಚೆನ್ನಾಗಿ ಓಡುತ್ತೆ, ನಾಲ್ಕು ಬೋಗಿ ಹಾಕಿದ ಕೂಡಲೇ ಕರೆಂಟ್ ಜಾಸ್ತಿ ಎಳೆದು ಬಿಸಿಯಾಗಿ ನಿಲ್ಲುತ್ತೆ. ಈ ಲಕ್ಷಣ ಕಂಡರೆ ಎಣ್ಣೆ, ಬ್ರಷ್ ಅಂತ ಒದ್ದಾಡಬೇಕಿಲ್ಲ. ಹಳೆ ಮ್ಯಾಗ್ನೆಟ್ ಜಾಗಕ್ಕೆ ಸಣ್ಣ ನಿಯೋಡಿಮಿಯಂ ಮ್ಯಾಗ್ನೆಟ್ ಕೂರಿಸೋರಿದ್ದಾರೆ. ಇಲ್ಲವಾದರೆ ಆ ಇಂಜಿನ್ನಿಗೆ ಎರಡೇ ಬೋಗಿ ಅಂತ ಒಪ್ಪಿಕೊಂಡರೂ ಆಯ್ತು.

ಪಾಯಿಂಟ್ಸ್: ಕಾಯಿಲ್‌ನಿಂದ ಸರ್ವೋಗೆ

ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೋಗೋ ಜಾಗಕ್ಕೆ ಪಾಯಿಂಟ್ ಅಂತಾರೆ. ಹಳೆ ಲೇಔಟ್‌ಗಳಲ್ಲಿ ಇದನ್ನ ಸರಿಸೋದು ಎರಡು ಕಾಯಿಲ್‌ಗಳ ಸೊಲೆನಾಯ್ಡ್. ಬಟನ್ ಒತ್ತಿದರೆ ‘ಟಕ್’ ಅಂತ ಒಂದು ಕಡೆ ಎಳೆಯುತ್ತೆ. ಕಾಯಿಲ್ ಮಾಡಿರೋದು ಅರ್ಧ ಸೆಕೆಂಡ್ ಕರೆಂಟಿಗೆ ಮಾತ್ರ. ಬಟನ್ ಅಂಟಿಕೊಂಡರೆ ಸುಟ್ಟು ಹೋಗುತ್ತೆ.

ಇದಕ್ಕೆ ಹಳೆಯ ಮದ್ದು ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್. 4700 ಮೈಕ್ರೋಫ್ಯಾರಡ್ ಕೆಪಾಸಿಟರನ್ನ 24 ವೋಲ್ಟಿಗೆ ಚಾರ್ಜ್ ಮಾಡಿದರೆ ಅದರಲ್ಲಿ ಸುಮಾರು 1.35 ಜೂಲ್ ಶಕ್ತಿ ಇರುತ್ತೆ. ಬಟನ್ ಒತ್ತಿದಾಗ ಅದಷ್ಟೂ ಒಂದೇ ಏಟಿಗೆ ಕಾಯಿಲ್‌ಗೆ ಹೋಗುತ್ತೆ. ಆಮೇಲೆ ಬಟನ್ ಎಷ್ಟು ಹೊತ್ತು ಒತ್ತಿ ಹಿಡಿದರೂ ಚಾರ್ಜಿಂಗ್ ರೆಸಿಸ್ಟರ್ ಮೂಲಕ ಬರೋ ಚೂರು ಕರೆಂಟ್ ಮಾತ್ರ ಹರಿಯುತ್ತೆ. ನೆನಪಿಡಿ, ಕಾಯಿಲ್ ಸುಡೋದು ತಪ್ಪಿಸೋದು ಮನುಷ್ಯ ಅಲ್ಲ, ಸರ್ಕ್ಯೂಟು. ಹೊಸ ಮದ್ದು ಅಂದರೆ ಎಸ್‌ಪಿ ರೋಡಿನಲ್ಲಿ ಯಾವ ಅಂಗಡಿಯಲ್ಲಾದರೂ ಸಿಗೋ ಪುಟ್ಟ ಸರ್ವೋ ಮೋಟರ್ ಮತ್ತು ಆರ್ಡುಯಿನೊ. ಇದು ಟಕ್ ಅನ್ನಲ್ಲ, ನಿಜವಾದ ಪಾಯಿಂಟಿನ ಥರ ನಿಧಾನವಾಗಿ ಸರಿಯುತ್ತೆ, ಸವೆದ ಪ್ಲಾಸ್ಟಿಕ್ ಹಳಿಗೆ ಏಟೂ ಕಡಿಮೆ. ಕಾಯಿಲ್ ಸರಿ ಇರೋ ಕಡೆ ಹಳೆಯದನ್ನೇ ಬಿಟ್ಟು, ಸುಟ್ಟಿರೋ ಕಡೆ ಮಾತ್ರ ಸರ್ವೋ ಹಾಕಿದರೆ ಸಾಕು.

ಹಲಗೆ ಕತ್ತರಿಸೋದು

ಮೆಟ್ಟಿಲ ತಿರುವಿನ ಸಮಸ್ಯೆಗೆ ಬರೋಣ. ಎಂಟಡಿ ಹಲಗೆಯನ್ನ ಮಧ್ಯಕ್ಕೆ ಕತ್ತರಿಸಿ ನಾಲ್ಕಡಿಯ ಎರಡು ಚೌಕ ಮಾಡೋದು ಪ್ಲಾನು. ಕತ್ತರಿಸುವ ಮೊದಲು ಕೆಳಗೆ ಬಗ್ಗಿ ಕಾಲುಗಳನ್ನ ನೋಡಬೇಕು: ಗೆದ್ದಲಿನ ಮಣ್ಣಿನ ಗೆರೆ, ಹಿಟ್ಟಿನಂಥ ಮರದ ಪುಡಿ, ಮಳೆಗಾಲದ ತೇವಕ್ಕೆ ಪದರ ಬಿಟ್ಟ ಪ್ಲೈ. ಇವು ಇದ್ದರೆ ಮೇಲಿನ ರಿಪೇರಿ ಎಲ್ಲ ವೇಸ್ಟು.

ಹಲಗೆ ಕತ್ತರಿಸೋದು ಕಷ್ಟ ಅಲ್ಲ, ಕತ್ತರಿಸಿದ ಹಳಿಗಳು ಮತ್ತೆ ಅದೇ ಜಾಗಕ್ಕೆ ಬಂದು ಕೂರಬೇಕು, ಅದು ಕಷ್ಟ. ಅರ್ಧ ಮಿಲಿಮೀಟರ್ ಆಚೀಚೆ ಆದರೂ ಬೋಗಿ ಹಳಿ ತಪ್ಪುತ್ತೆ. ಹವ್ಯಾಸಿಗಳು ಬಳಸೋ ವಿಧಾನ ಹೀಗಿದೆ. ಕತ್ತರಿಸಬೇಕಾದ ಗೆರೆಯ ಎರಡೂ ಕಡೆ, ಹಳಿಯ ಕೆಳಗಿನ ಪ್ಲಾಸ್ಟಿಕ್ ಸ್ಲೀಪರ್ ತೆಗೆದು, ಆ ಜಾಗಕ್ಕೆ ನಾವು ಲ್ಯಾಬಿನಲ್ಲಿ ಪಿಸಿಬಿ ಮಾಡೋಕೆ ಬಳಸೋ ತಾಮ್ರದ ಬೋರ್ಡಿನ ಪಟ್ಟಿಯನ್ನ ಸ್ಕ್ರೂ ಹಾಕಿ ಕೂರಿಸಬೇಕು. ಹಳಿಗಳನ್ನ ಆ ತಾಮ್ರಕ್ಕೆ ಸೋಲ್ಡರ್ ಮಾಡಬೇಕು. ಎರಡು ಹಳಿಗಳ ನಡುವೆ ತಾಮ್ರದಲ್ಲಿ ಒಂದು ಗೆರೆ ಕೆರೆಯಬೇಕು, ಇಲ್ಲದಿದ್ದರೆ ಶಾರ್ಟ್. ಆಮೇಲೆ ಹಲಗೆಯ ಕೆಳಗೆ, ಕತ್ತರಿಸೋ ಗೆರೆಯ ಆಚೀಚೆ ಎರಡು ಮರದ ಅಡ್ಡಪಟ್ಟಿ ಜೋಡಿಸಿ, ಅವೆರಡನ್ನೂ ಒಟ್ಟಿಗೆ ತೂತು ಕೊರೆದು, ಸ್ಥಾನ ತಪ್ಪದಂತೆ ಲೋಹದ ಡೋವೆಲ್ ಪಿನ್ನುಗಳನ್ನೂ ಬಿಗಿಯೋಕೆ ಬೋಲ್ಟ್‌ಗಳನ್ನೂ ಹಾಕಬೇಕು. ಇಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ ಹಳಿಗೂ ಹಲಗೆಗೂ ಗರಗಸ. ಅಂದರೆ ಜೋಡಣೆ ಮೊದಲು, ಕತ್ತರಿಸೋದು ಆಮೇಲೆ. ಈ ಕ್ರಮ ಉಲ್ಟಾ ಆದರೆ ಹಳಿಗಳು ಮತ್ತೆ ಸೇರೋದು ಕಷ್ಟ.

ವೈರ್‌ಗಳಿಗೆ ಎರಡು ಚೌಕದ ನಡುವೆ 25 ಪಿನ್ನಿನ ಕನೆಕ್ಟರ್ ಹಾಕಬಹುದು, ಹಳೆ ಕಂಪ್ಯೂಟರಿನ ಪ್ರಿಂಟರ್ ಕೇಬಲ್‌ನಲ್ಲಿ ಇರ್ತಿತ್ತಲ್ಲ, ಅದೇ. ಬಸ್ ವೈರಿಗೆ ಮಾತ್ರ ದಪ್ಪ ಕನೆಕ್ಟರ್ ಬೇರೆ ಬೇಕು.

ತಾತನ ಕೈಗೆ ತಕ್ಕ ಕಂಟ್ರೋಲ್

ಹಳೆ ಕಂಟ್ರೋಲರ್ ಅಂದರೆ ಒಂದು ದೊಡ್ಡ ರಿಯೋಸ್ಟಾಟ್. ಮೋಟರಿನ ಸೀರೀಸ್‌ನಲ್ಲಿ ರೆಸಿಸ್ಟೆನ್ಸ್ ಹಾಕಿ ಸ್ಪೀಡ್ ಕಡಿಮೆ ಮಾಡೋದು. ಇದರ ದೋಷ ಶುರುವಿನಲ್ಲೇ ಕಾಣುತ್ತೆ. ನಿಂತ ಮೋಟರಿಗೆ ಹೆಚ್ಚು ಕರೆಂಟ್ ಬೇಕು, ಕರೆಂಟ್ ಹೆಚ್ಚಾದಾಗ ರೆಸಿಸ್ಟೆನ್ಸಿನಲ್ಲಿ ವೋಲ್ಟೇಜೂ ಹೆಚ್ಚು ಬೀಳುತ್ತೆ. ಹಾಗಾಗಿ ನಾಬ್ ತಿರುಗಿಸ್ತಾ ಹೋದರೂ ರೈಲು ಅಲ್ಲಾಡಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತೆ. ಕೈ ನಡುಗೋ ವಯಸ್ಸಿನವರಿಗೆ ಇದನ್ನ ಹತೋಟಿಯಲ್ಲಿ ಇಡೋದು ಕಷ್ಟ.

ಪಿಡಬ್ಲ್ಯೂಎಂನಲ್ಲಿ ವೋಲ್ಟೇಜ್ ಯಾವಾಗಲೂ ಪೂರ್ತಿ 12, ಆದರೆ ಅದು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಆನ್ ಆಫ್ ಆಗುತ್ತೆ. ಆನ್ ಇರೋ ಸಮಯದ ಪಾಲು ಹೆಚ್ಚಾದಷ್ಟು ಸ್ಪೀಡ್ ಹೆಚ್ಚು. ಪ್ರತಿ ಪಲ್ಸ್ ಪೂರ್ತಿ ವೋಲ್ಟೇಜಿನದಾದ್ದರಿಂದ ರೈಲು ತೆವಳಿಕೊಂಡು ಹೊರಡುತ್ತೆ. ಆರ್ಡುಯಿನೊದಲ್ಲಿ ಇದನ್ನ ಬರೆಯುವಾಗ ಇನ್ನೆರಡು ಸಾಲು ಸೇರಿಸಿದರೆ ಅರ್ಧ ಕೆಲಸ ಮುಗೀತು: ನಾಬಿನ ಸಣ್ಣ ನಡುಕವನ್ನ ಲೆಕ್ಕಕ್ಕೆ ತಗೋಬೇಡ, ಸ್ಪೀಡನ್ನ ಎಷ್ಟೇ ಬೇಗ ತಿರುಗಿಸಿದರೂ ನಿಧಾನವಾಗಿ ಏರಿಸು, ನಿಧಾನವಾಗಿ ಇಳಿಸು. ಪುಟ್ಟ ನಾಬ್ ಬದಲು ಡಬ್ಬದ ಮುಚ್ಚಳದಷ್ಟು ದೊಡ್ಡದು, ಎಡಗೈಗೆ ಒಂದು ದೊಡ್ಡ ಕೆಂಪು ಸ್ಟಾಪ್ ಬಟನ್. ಬಟನ್ ಮಾತ್ರ ಪ್ರೋಗ್ರಾಮನ್ನ ಕೇಳದೆ ನೇರವಾಗಿ ಪವರ್ ಕಟ್ ಮಾಡಬೇಕು.

‘ಡಿಸಿಸಿ ಯಾಕೆ ಹಾಕಲಿಲ್ಲ?’ ಅಂತ ಗೊತ್ತಿರೋರು ಕೇಳ್ತಾರೆ. ಡಿಸಿಸಿ ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಹಳಿಯಲ್ಲಿ ಪವರ್ ಜೊತೆ ಡೇಟಾ ಕೂಡ ಹೋಗುತ್ತೆ. ಪೋಲಾರಿಟಿ ಬದಲಾಗೋ ಸ್ಕ್ವೇರ್ ವೇವ್‌ನಲ್ಲಿ ಅರ್ಧ ಸೈಕಲ್ 58 ಮೈಕ್ರೋಸೆಕೆಂಡ್ ಇದ್ದರೆ ಅದು 1, 100 ಅಥವಾ ಹೆಚ್ಚು ಇದ್ದರೆ 0. ಪ್ರತಿ ಇಂಜಿನ್ನಿನ ಒಳಗೂ ಒಂದು ಡಿಕೋಡರ್ ಕೂತು ತನ್ನ ನಂಬರಿನ ಆಜ್ಞೆಯನ್ನ ಮಾತ್ರ ಪಾಲಿಸುತ್ತೆ. ಡಿಸಿಸಿ-ಇಎಕ್ಸ್ ಅನ್ನೋ ಓಪನ್ ಸೋರ್ಸ್ ಪ್ರಾಜೆಕ್ಟಿನಿಂದ ಇದನ್ನ ಆರ್ಡುಯಿನೊದಲ್ಲೇ ಮಾಡಬಹುದು. ಆದರೆ ಎಷ್ಟೋ ಹಳೆ ಇಂಜಿನ್‌ಗಳಲ್ಲಿ ಮೋಟರಿನ ಒಂದು ಬ್ರಷ್ ನೇರವಾಗಿ ಲೋಹದ ಚಾಸಿಗೆ ಸೇರಿರುತ್ತೆ. ಅದನ್ನ ಪೂರ್ತಿ ಬೇರೆ ಮಾಡದೆ ಡಿಕೋಡರ್ ಹಾಕಿದರೆ ಡಿಕೋಡರ್ ಹೋಯ್ತು. ಒಬ್ಬರೇ ಓಡಿಸೋ, ಒಂದು ಸಲಕ್ಕೆ ಒಂದೇ ಇಂಜಿನ್ ಇರೋ ಹಳೆ ಲೇಔಟಿಗೆ ಪಿಡಬ್ಲ್ಯೂಎಂ ಸಾಕು. ಹೊಸ ಟೆಕ್ನಾಲಜಿ ಇದೆ ಅನ್ನೋದೊಂದೇ ಅದನ್ನ ಹಾಕೋಕೆ ಕಾರಣ ಆಗಬಾರದು.

ರಿಲೇ, ಡಯೋಡ್, ಮೆಟ್ರೋ

ಗೇಜ್ ಲೆಕ್ಕ ನೆನಪಿದೆಯಲ್ಲ? ಕತ್ತರಿಸಿದ ಲೇಔಟಿಗೆ ಸೇರಿಸಿದ ಒಂದೇ ಹೊಸ ವಸ್ತು ಮೆಟ್ರೋ ಲೈನು. ನೆಲದ ಹಳಿಯಿಂದ ಇಳಿಜಾರು ಮಾಡಿ ಮೇಲೆ ಹತ್ತಿಸೋಕೆ ಜಾಗ ಇಲ್ಲ: 3 ಪರ್ಸೆಂಟ್ ಏರಿನಲ್ಲಿ 8 ಸೆಂಟಿಮೀಟರ್ ಹತ್ತೋಕೆ 2.7 ಮೀಟರ್ ಬೇಕು, ಹಲಗೆಯ ಉದ್ದವೇ 2.4. ಹಾಗಾಗಿ ನಿಜವಾದ ಊರಿನಲ್ಲಿ ಇರೋ ಹಾಗೇ, ಎರಡೂ ಬೇರೆ ಬೇರೆ. ಕಂಬಗಳ ಮೇಲೆ ಒಂದು ನೇರ ಹಳಿ, ಅದರ ಮೇಲೆ ಎರಡು ಕೋಚಿನ ರೈಲು ತಾನಾಗಿ ಹೋಗಿ ಬರುತ್ತೆ.

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಎರಡೂ ತುದಿಗಳಲ್ಲಿ ಒಂದು ಹಳಿಯನ್ನ ಕತ್ತರಿಸಿ, ಆ ಸಂದಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿದರೆ ಸಾಕು. ರೈಲು ತುದಿಗೆ ಬಂದಾಗ ಡಯೋಡ್ ಕರೆಂಟನ್ನ ತಡೆಯುತ್ತೆ, ರೈಲು ನಿಲ್ಲುತ್ತೆ. ಪೋಲಾರಿಟಿ ತಿರುಗಿಸಿದಾಗ ಅದೇ ಡಯೋಡ್ ಕರೆಂಟ್ ಬಿಡುತ್ತೆ, ರೈಲು ವಾಪಸ್ ಹೊರಡುತ್ತೆ. ಇನ್ನೊಂದು ತುದಿಯ ಡಯೋಡ್ ಇದಕ್ಕೆ ಉಲ್ಟಾ ಕೂತಿರುತ್ತೆ. ಅರ್ಧ ನಿಮಿಷಕ್ಕೊಮ್ಮೆ ಪೋಲಾರಿಟಿ ತಿರುಗಿಸೋಕೆ ಒಂದು 555 ಟೈಮರ್, ಒಂದು ಟ್ರಾನ್ಸಿಸ್ಟರ್, ಒಂದು ರಿಲೇ.

ಆ ರಿಲೇ ತಾತನ ಡಬ್ಬದಲ್ಲೇ ಇತ್ತು. ಅವರು ಕೆಲಸ ಮಾಡಿದ್ದು ದೂರವಾಣಿನಗರದ ಐಟಿಐನಲ್ಲಿ, 1948ರಲ್ಲಿ ಶುರುವಾದ, ದೇಶದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಸ್ವಿಚ್‌ಗಳನ್ನ ಮಾಡಿದ ಕಾರ್ಖಾನೆ. ಶಿವಾಜಿನಗರದ ಗುಜರಿಯಲ್ಲಿ ಟೆಲಿಫೋನ್ ರಿಲೇ ಕಂಡರೆ ಅವರು ಬಿಡ್ತಿರಲಿಲ್ಲ. ಅವು 48 ವೋಲ್ಟಿನವು, ಆದ್ದರಿಂದ 12ರಿಂದ 48ಕ್ಕೆ ಏರಿಸೋ ಒಂದು ಪುಟ್ಟ ಬೋರ್ಡ್ ಬೇಕಾಯ್ತು. ಕಾಯಿಲ್ ಆಫ್ ಆಗುವಾಗ ಬರೋ ವೋಲ್ಟೇಜ್ ಏಟಿನಿಂದ ಟ್ರಾನ್ಸಿಸ್ಟರ್ ಉಳಿಯೋಕೆ ಕಾಯಿಲ್‌ಗೆ ಅಡ್ಡಲಾಗಿ ಇನ್ನೊಂದು ಡಯೋಡ್.

ಟೆಲಿಫೋನ್ ರಿಲೇಗಳಿಂದ ಆಟದ ರೈಲು ಓಡಿಸೋ ಚಟ ತಾತನೊಬ್ಬರದೇ ಅಲ್ಲ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಶುರುವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನ ಹುಡುಗರು ಇದನ್ನೇ ಮಾಡ್ತಿದ್ದರು. ಅವರಲ್ಲಿ ಹಲಗೆ ಕೆಳಗೆ ನುಸುಳಿ ರಿಲೇ ಜೋಡಿಸೋ ಗುಂಪು ಆಮೇಲೆ ಕಾಲೇಜಿನ ಕಂಪ್ಯೂಟರ್‌ಗಳಿಗೆ ಅಂಟಿಕೊಂಡಿತು. ‘ಹ್ಯಾಕ್’ ಅನ್ನೋ ಪದ ಇವತ್ತಿನ ಅರ್ಥದಲ್ಲಿ ಬೆಳೆದದ್ದು ಆ ಕ್ಲಬ್ಬಿನ ಮಾತಿನಿಂದ ಅಂತ ಸ್ಟೀವನ್ ಲೆವಿ 1984ರ ‘ಹ್ಯಾಕರ್ಸ್’ ಪುಸ್ತಕದಲ್ಲಿ ಬರೆದಿದ್ದಾರೆ. ನಾವು ಹ್ಯಾಕಥಾನ್ ಅಂತ ಪೋಸ್ಟರ್ ಹಾಕುವಾಗ ಆ ಪದದ ಹಿಂದೆ ಒಂದು ರೈಲು ಇರೋದು ಎಷ್ಟು ಜನಕ್ಕೆ ಗೊತ್ತು?

ಡೈರಿ ಇದ್ದದ್ದಕ್ಕೆ ಉಳಿಯಿತು

ಹಳೆ ಲೇಔಟ್‌ಗಳನ್ನ ಜನ ಕೆಡವೋಕೆ ದೊಡ್ಡ ಕಾರಣ, ಕೆಳಗಿರೋ ವೈರ್‌ಗಳು ಯಾವುದು ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲದೆ ಇರೋದು. ಕಟ್ಟಿದವರು ಇರೋ ತನಕ ಅದು ಅವರ ತಲೆಯಲ್ಲಿರುತ್ತೆ. ನಮ್ಮ ಪುಣ್ಯ, ತಾತ ಒಂದು ಡೈರಿ ಇಟ್ಟಿದ್ದರು. ಪೆನ್ಸಿಲ್‌ನಲ್ಲಿ ‘ಹಳದಿ: ಎರಡನೇ ಪಾಯಿಂಟ್, ಬಲ’ ಅಂತ ಕನ್ನಡದಲ್ಲೇ ಬರೆದ ನಾಲ್ಕು ಪುಟ. ಅದರಿಂದ ವಾರಗಟ್ಟಲೆ ಕೆಲಸ ಉಳಿಯಿತು. ಆದರೆ ಕೆಲವು ಸಾಲು ಅಳಿಸಿ ಹೋಗಿದ್ದವು. ಅವನ್ನ ತಾತನ ಪಕ್ಕದಲ್ಲಿ ಕೂತು ಕೇಳಿ ತುಂಬಿಸಿಕೊಂಡೆ. ಎರಡು ವೈರ್ ಯಾವುದಕ್ಕೆ ಅಂತ ಅವರಿಗೂ ಮರೆತಿತ್ತು. ಕಂಟಿನ್ಯೂಟಿ ಹಾಕಿ ಹುಡುಕಿದರೆ ಅವು ಸುರಂಗದೊಳಗಿನ ಒಂದು ಬಲ್ಬಿಗೆ ಹೋಗಿದ್ದವು. ಅಲ್ಲೊಂದು ಬಲ್ಬ್ ಇದೆ ಅಂತಲೇ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ನೀವು ಇಂಥ ಕೆಲಸಕ್ಕೆ ಕೈ ಹಾಕಿದರೆ ಮೊದಲನೇ ದಿನ ಏನೂ ಬಿಚ್ಚಬೇಡಿ. ಫೋಟೋ ತೆಗೀರಿ. ಪ್ರತಿ ವೈರಿನ ಎರಡೂ ತುದಿಗೆ ನಂಬರ್ ಅಂಟಿಸಿ. ಕಟ್ಟಿದವರು ಇದ್ದರೆ ಅವರನ್ನ ಕೂರಿಸಿಕೊಂಡು ಕೇಳಿ, ಬರೆದಿಟ್ಟುಕೊಳ್ಳಿ, ಯಾಕೆಂದರೆ ಮೀಟರ್ ಹೇಳೋದು ವೈರ್ ಎಲ್ಲಿಗೆ ಹೋಗಿದೆ ಅಂತ ಮಾತ್ರ, ಯಾಕೆ ಹೋಗಿದೆ ಅಂತ ಅವರೇ ಹೇಳಬೇಕು. ಬದಲಾಯಿಸಿದ್ದನ್ನೆಲ್ಲ ಮತ್ತೆ ಹಿಂದಿನ ಸ್ಥಿತಿಗೆ ತರೋಕೆ ಆಗುವ ಹಾಗೆ ಮಾಡಿ. ತೆಗೆದ ಹಳೆ ಭಾಗಗಳನ್ನ ಹೆಸರು ಬರೆದ ಕವರಿನಲ್ಲಿ ಇಡಿ.

ಕಳೆದ ದಸರಾದಲ್ಲಿ ಒಂಬತ್ತು ದಿನವೂ ರೈಲು ಓಡ್ತು. ಆರನೇ ದಿನ ಮೆಟ್ರೋದ ಒಂದು ಕೋಚಿನ ಚಕ್ರ ಸಡಿಲವಾಗಿ ಅರ್ಧ ಗಂಟೆ ಸರ್ವಿಸ್ ಬಂದ್ ಆಗಿತ್ತು. ಇನ್ನೂ ಬಾಕಿ ಇರೋದು: ಎರಡು ಸಿಗ್ನಲ್, ಗುಡ್ಡದ ಹಿಂದಿನ ಒಂದು ಪಾಯಿಂಟ್, ಬಿರುಕು ಬಿಟ್ಟ ಸ್ಲೀಪರ್‌ಗಳು. ಡೈರಿಯ ಐದನೇ ಪುಟದಿಂದ ಈಗ ನನ್ನ ಕೈಬರಹ. ತಾತ ದಿನಾ ಅದನ್ನ ಓದಿ, ನನ್ನ ಒತ್ತಕ್ಷರದ ತಪ್ಪುಗಳನ್ನ ಕೆಂಪು ಪೆನ್ನಿನಲ್ಲಿ ತಿದ್ದಿಡ್ತಾರೆ.